ಓದೋಕೆ ಬರದಿದ್ದರೂ ನೋಡಬಹುದಾದ ಅಕ್ಷರ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ವಿಜಯಪುರದ ಇಬ್ರಾಹಿಂ ರೋಜಾದ (ಆದಿಲ್‌ಶಾಹಿ ಸುಲ್ತಾನ ಎರಡನೇ ಇಬ್ರಾಹಿಂನ ಗೋರಿ) ಗೋಡೆಯ ಒಂದು ಫೋಟೊ ಹಾಕಿದ್ದೆವು. ಕಲ್ಲಿನಲ್ಲಿ ಕೆತ್ತಿದ ಅರಬ್ಬಿ ಬರಹ, ಅದರ ಕೆಳಗೆ ಎರಡೇ ಸಾಲು ವಿವರ. ಅದಕ್ಕೆ ಇಷ್ಟೊಂದು ಪತ್ರ ಬಂದದ್ದು ನಿಜಕ್ಕೂ ಖುಷಿ ಕೊಟ್ಟಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಿಂದಲೇ ಜಾಸ್ತಿ. ಕೆಲವರು ಮನೆಯಲ್ಲಿರುವ ಹಳೆ ಪುಸ್ತಕದ ಬಗ್ಗೆ ಕೇಳಿದ್ದಾರೆ, ಒಬ್ಬರು ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕ ನಾಣ್ಯದ ಬಗ್ಗೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ ಮೀಸಲು. ಕೇಳಿದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಾನು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅರಬ್ಬಿ ಒಂದಕ್ಷರವೂ ಬರುವುದಿಲ್ಲ. ಫೋಟೊ ನೋಡಿ ಚಂದ ಅನ್ನಿಸಿತು, ಆದರೆ ಯಾಕೆ ಚಂದ ಅಂತ ಹೇಳೋಕೆ ಆಗುತ್ತಿಲ್ಲ. ಇದನ್ನು ಮನಸ್ಸಿಗೆ ಬಂದ ಹಾಗೆ ಎಳೆಯುತ್ತಾರಾ, ಇಲ್ಲಾ ಏನಾದರೂ ಲೆಕ್ಕ ಇದೆಯಾ? (ತೀರ್ಥಹಳ್ಳಿ)

ಉತ್ತರ: ಲೆಕ್ಕ ಇದೆ ಮೇಷ್ಟ್ರೇ, ಬಹಳ ಕಟ್ಟುನಿಟ್ಟಿನ ಲೆಕ್ಕ. ನಿಮಗೆ ಬೇಗ ಹಿಡಿಯುತ್ತದೆ, ಒಂದು ಹಾಳೆ ತಗೊಂಡು ಮಾಡಿ ನೋಡಿ.

ಅಗಲ ಮೂತಿಯ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿ. ಮೂತಿಯನ್ನು ಕಾಗದದ ಮೇಲೆ ಓರೆಯಾಗಿ ಊರಿ, ಅದರ ಅಗಲ ಎಷ್ಟಿದೆಯೋ ಅಷ್ಟೇ ದೂರ ಎಳೆದು ಎತ್ತಿಬಿಡಿ. ಮೂಲೆಯ ಮೇಲೆ ನಿಂತ ಚೌಕದಂಥ ಒಂದು ಚುಕ್ಕಿ ಮೂಡುತ್ತದೆ. ಅದೇ ನುಕ್ತಾ. ಇಡೀ ಬರವಣಿಗೆಗೆ ಅದೇ ಅಳತೆಗೋಲು. ಅಲಿಫ್ ಅನ್ನುವ ಮೊದಲಕ್ಷರ ಒಂದು ನಿಂತ ಗೆರೆ, ಅಲ್ವಾ? ಅದರ ಎತ್ತರವನ್ನು ಚುಕ್ಕಿಯ ಮೇಲೆ ಚುಕ್ಕಿ ಇಟ್ಟು ಅಳೆಯುತ್ತಾರೆ. ನಸ್ಖ್ ಶೈಲಿಯಲ್ಲಿ ಐದು ಚುಕ್ಕಿ, ಥುಲುಥ್ ಶೈಲಿಯಲ್ಲಿ ಏಳು ಎಂದು ಸಾಮಾನ್ಯವಾಗಿ ಹೇಳಿಕೊಡುತ್ತಾರೆ. ಆ ಅಲಿಫನ್ನೇ ಅಡ್ಡಳತೆಯಾಗಿ ಇಟ್ಟುಕೊಂಡು ಒಂದು ವೃತ್ತ ಎಳೆದರೆ, ಉಳಿದ ಅಕ್ಷರಗಳ ಬಾಗು ಬಳುಕೆಲ್ಲ ಆ ವೃತ್ತದ ಲೆಕ್ಕಕ್ಕೆ ಸಿಗುತ್ತವೆ. ಪೆನ್ನು ದಪ್ಪ ಇದ್ದರೆ ಚುಕ್ಕಿ ದೊಡ್ಡದು, ಚುಕ್ಕಿ ದೊಡ್ಡದಾದರೆ ಅಕ್ಷರವೂ ದೊಡ್ಡದು, ಆದರೆ ಪ್ರಮಾಣ ಮಾತ್ರ ಕದಲುವುದಿಲ್ಲ. ಅಂಗೈ ಅಗಲದ ಪುಸ್ತಕಕ್ಕೂ ಮಸೀದಿಯ ಗೋಡೆಗೂ ಒಂದೇ ನಿಯಮ.

ಈ ಲೆಕ್ಕ ಹಾಕಿಕೊಟ್ಟವನು ಇಬ್ನ್ ಮುಕ್ಲಾ (886–940). ಬಾಗ್ದಾದಿನಲ್ಲಿ ಅಬ್ಬಾಸಿ ಖಲೀಫರ ಬಳಿ ವಜೀರನಾಗಿದ್ದವನು. ರಾಜಕೀಯದ ಜಗಳದಲ್ಲಿ ಅವನ ಬಲಗೈ ಕತ್ತರಿಸಿದರು, ಕೊನೆಗೆ ಜೈಲಿನಲ್ಲೇ ತೀರಿಕೊಂಡ. ಮೊಂಡು ಕೈಗೆ ಪೆನ್ನು ಕಟ್ಟಿಕೊಂಡು ಬರೆಯುತ್ತಿದ್ದ ಅಂತಲೂ ಹೇಳುತ್ತಾರೆ. ಅವನದೇ ಕೈಬರಹ ಅಂತ ಖಚಿತವಾಗಿ ಹೇಳಬಹುದಾದ ಒಂದು ಹಾಳೆಯೂ ಇವತ್ತು ಉಳಿದಿಲ್ಲ. ಆದರೂ ಸಾವಿರ ವರ್ಷ ದಾಟಿ ಅವನ ಲೆಕ್ಕದಲ್ಲೇ ಜನ ಬರೆಯುತ್ತಿದ್ದಾರೆ, ಇದಕ್ಕಿಂತ ದೊಡ್ಡ ಮಾತು ಇನ್ನೇನು ಬೇಕು?

ಅವನ ನಂತರ ಬಂದ ಇಬ್ನ್ ಅಲ್ ಬವ್ವಾಬ್ ಬಾಗ್ದಾದಿನಲ್ಲಿ ಬರೆದ ಒಂದು ಕುರಾನ್ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಇಸ್ಲಾಮಿ ಪಂಚಾಂಗದ ಹಿಜರಿ 391, ಅಂದರೆ ಕ್ರಿ.ಶ. 1000–1001. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಪುಸ್ತಕ. ಅದರ ಪುಟಗಳ ಚಿತ್ರ ಅಂತರ್ಜಾಲದಲ್ಲಿ ಸಿಗುತ್ತದೆ, ದಯವಿಟ್ಟು ಹುಡುಕಿ ನೋಡಿ. ನೋಡುವಾಗ ಮೂರು ಕಡೆ ಕಣ್ಣಿಡಿ: ನಿಂತ ಗೆರೆಗಳೆಲ್ಲ ಒಂದೇ ಓರೆಯಲ್ಲಿ ವಾಲಿವೆಯಾ, ಸಾಲಿನ ಕೆಳಗೆ ಇಳಿಯುವ ಬಟ್ಟಲಿನಂಥ ಬಾಗುಗಳು ಒಂದೇ ಆಳಕ್ಕೆ ಇಳಿದಿವೆಯಾ, ಅಕ್ಷರಗಳ ನಡುವೆ ಬಿಟ್ಟ ಖಾಲಿ ಜಾಗ ಸಮ ಇದೆಯಾ. ಚಂದ ಯಾಕೆ ಅಂತ ನೀವೇ ನಿಮ್ಮ ಹಳೆ ವಿದ್ಯಾರ್ಥಿಗಳಿಗೆ ಹೇಳುತ್ತೀರಿ.

ಪ್ರಶ್ನೆ: ಶಿವಮೊಗ್ಗದ ಉರ್ದು ಬೋರ್ಡಿನ ಅಕ್ಷರಕ್ಕೂ ಇಬ್ರಾಹಿಂ ರೋಜಾದ ಅಕ್ಷರಕ್ಕೂ ತುಂಬಾ ವ್ಯತ್ಯಾಸ ಕಾಣುತ್ತೆ. ಎರಡೂ ಒಂದೇ ಲಿಪಿಯಾ? (ಸೊರಬ)

ಉತ್ತರ: ಲಿಪಿ ಒಂದೇ, ಕೈ ಬೇರೆ. ಉರ್ದುವಿಗೆ ಒಂದಿಷ್ಟು ಅಕ್ಷರ ಜಾಸ್ತಿ ಸೇರಿಸಿಕೊಂಡಿದ್ದಾರೆ, ಟ, ಡ, ಪ, ಚ, ಗ ಇವೆಲ್ಲ ಬೇಕಲ್ಲ. ಬೋರ್ಡಿನಲ್ಲಿ ನೀವು ನೋಡಿದ್ದು ನಸ್ತಾಲಿಕ್. ಪದ ಮೇಲಿಂದ ಶುರುವಾಗಿ ಎಡಕ್ಕೆ ಜಾರುತ್ತಾ ಇಳಿಯುತ್ತದೆ. ಇರಾನಿನಲ್ಲಿ 14ನೇ ಶತಮಾನದಲ್ಲಿ ರೂಪುಗೊಂಡ ಶೈಲಿ, ಮೀರ್ ಅಲಿ ತಬ್ರೀಜಿಯ ಹೆಸರು ಅದರ ಜೊತೆ ಬರುತ್ತದೆ. ಪರ್ಷಿಯನ್ ಕಾವ್ಯ, ಉರ್ದು ಪತ್ರಿಕೆ, ಮದುವೆ ಕಾಗದ ಎಲ್ಲಾ ಅದರಲ್ಲೇ. ಚೆನ್ನೈನ ‘ದಿ ಮುಸಲ್ಮಾನ್’ ಅನ್ನುವ ಉರ್ದು ದಿನಪತ್ರಿಕೆ 1927ರಲ್ಲಿ ಶುರುವಾಗಿದ್ದು, ಕಂಪ್ಯೂಟರ್ ಬಂದ ಮೇಲೂ ಬಹಳ ವರ್ಷ ಕಾತಿಬರು, ಅಂದರೆ ಬರಹಗಾರರು, ಕೈಯಲ್ಲಿ ಬರೆದೇ ಅಚ್ಚು ಹಾಕುತ್ತಿದ್ದರು.

ಕುರಾನಿಗೆ ಜಾಸ್ತಿ ಬಳಸುವುದು ನಸ್ಖ್, ಸ್ಪಷ್ಟವಾಗಿ ಓದೋಕೆ ಆಗುತ್ತದೆ. ಕಟ್ಟಡದ ಮೇಲೆ, ತಲೆಬರಹಕ್ಕೆ ಥುಲುಥ್, ಎತ್ತರದ ಗಂಭೀರ ಅಕ್ಷರ. ಇವೆಲ್ಲಕ್ಕೂ ಹಳೆಯದು ಕೂಫಿ. ಮೂಲೆ ಮೂಲೆಯಾದ, ಅಡ್ಡಕ್ಕೆ ಉದ್ದ ಎಳೆದ ಅಕ್ಷರ, ಚರ್ಮದ ಹಾಳೆಯ ಮೇಲೆ. ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ನೀಲಿ ಕುರಾನ್ ಅಂತ ಹೆಸರಾದ ಗ್ರಂಥ. 9–10ನೇ ಶತಮಾನದ್ದು. ಚರ್ಮದ ಹಾಳೆಗೆ ಕಡು ನೀಲಿ ಬಣ್ಣ ಹಾಕಿ, ಅದರ ಮೇಲೆ ಚಿನ್ನದಲ್ಲಿ ಪುಟಕ್ಕೆ 15 ಸಾಲಿನಂತೆ ಬರೆದಿದ್ದಾರೆ. ಅದರ ಹಾಳೆಗಳು ಈಗ ಬೇರೆ ಬೇರೆ ದೇಶಗಳಲ್ಲಿ ಹಂಚಿಹೋಗಿವೆ, ಟುನೀಶಿಯಾದಲ್ಲಿ ಒಂದಿಷ್ಟು ಉಳಿದಿವೆ.

ನಮ್ಮ ದೇಶದ್ದೇ ಆದ ಒಂದು ಶೈಲಿಯೂ ಇದೆ, ಬಿಹಾರಿ ಅಂತ. ಅಕ್ಷರದ ಕೆಳಭಾಗ ಅಗಲವಾಗಿ ಚೂಪಾಗಿ ಚಾಚಿಕೊಂಡಿರುತ್ತದೆ. 1399ರಲ್ಲಿ ಗ್ವಾಲಿಯರಿನಲ್ಲಿ ಬರೆದ ಕುರಾನ್ ಈ ಶೈಲಿಯದು, ಈಗ ಟೊರೊಂಟೊದ ಆಗಾ ಖಾನ್ ಮ್ಯೂಸಿಯಮ್ಮಿನಲ್ಲಿದೆ. ಮೊಘಲರು ಬಂದ ಮೇಲೆ ಬಿಹಾರಿ ಮೆಲ್ಲಗೆ ಮರೆಯಾಯಿತು.

ಪ್ರಶ್ನೆ: ನಮ್ಮ ಅಜ್ಜನ ಕಾಲದ ಕುರಾನ್ ಮನೆಯಲ್ಲಿದೆ. ಪುಟದ ಸುತ್ತ ಹೂಬಳ್ಳಿ, ಅಂಚಲ್ಲಿ ಬಣ್ಣ. ಕೈಬರಹದ್ದು, 300 ವರ್ಷ ಹಳೆಯದು ಅಂತ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನಿಜ ಹೌದಾ ಅಂತ ತಿಳಿಯೋದು ಹೇಗೆ? (ಸಾಗರ)

ಉತ್ತರ: ಹೀಗೆ ಕೇಳಿ ಬಂದ ಪತ್ರ ಒಂದಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ತಿಳಿಯಬೇಕಾದದ್ದು ಕಲ್ಲಚ್ಚು, ಅಂದರೆ ಲಿಥೊ. 1796ರ ಹೊತ್ತಿಗೆ ಜರ್ಮನಿಯಲ್ಲಿ ಹುಟ್ಟಿದ ಅಚ್ಚಿನ ವಿಧಾನ ಇದು. ಮೊಳೆ ಜೋಡಿಸುವ ಕೆಲಸ ಇಲ್ಲ. ಕಾತಿಬ ಜಿಡ್ಡಿನ ಮಸಿಯಲ್ಲಿ ಕೈಯಿಂದಲೇ ಬರೆಯುತ್ತಾನೆ, ಆ ಬರಹವನ್ನು ಕಲ್ಲಿಗೆ ಇಳಿಸಿ ಪ್ರತಿ ತೆಗೆಯುತ್ತಾರೆ. ಅರಬ್ಬಿ ಅಕ್ಷರ ಒಂದಕ್ಕೊಂದು ಕೂಡಿಕೊಳ್ಳುವುದರಿಂದ ಮೊಳೆಯಚ್ಚಿಗಿಂತ ಇದು ಚೆನ್ನಾಗಿ ಒಗ್ಗಿತು. 19ನೇ ಶತಮಾನದಲ್ಲಿ ನಮ್ಮ ದೇಶದಲ್ಲಿ ಕುರಾನ್, ಉರ್ದು, ಪರ್ಷಿಯನ್ ಪುಸ್ತಕಗಳು ಹೀಗೇ ರಾಶಿ ರಾಶಿ ಬಂದವು. ಲಖನೌದಲ್ಲಿ 1858ರಲ್ಲಿ ಪ್ರೆಸ್ ಶುರು ಮಾಡಿದ ಮುನ್ಷಿ ನವಲ್ ಕಿಶೋರ್ ಹಿಂದೂ, ಅವರು ಕುರಾನನ್ನೂ ಅಚ್ಚು ಹಾಕಿದರು. ಅಕ್ಷರ ಕೈಬರಹದ ಹಾಗೇ ಇರುತ್ತದೆ, ಅಂಚಲ್ಲಿ ಹೂಬಳ್ಳಿಯೂ ಇರುತ್ತದೆ, ಕೆಲವಕ್ಕೆ ಆಮೇಲೆ ಕೈಯಲ್ಲಿ ಬಣ್ಣವನ್ನೂ ತುಂಬಿದ್ದಾರೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಕೈಬರಹ ಅಂತ ಇಟ್ಟುಕೊಂಡಿರುವುದು ಕಲ್ಲಚ್ಚಿನ ಪುಸ್ತಕ.

ಪತ್ತೆ ಹಚ್ಚುವುದು ಹೀಗೆ. ಬೆಳಗ್ಗೆ ಕಿಟಕಿಯ ಪಕ್ಕ ಕೂತು, ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿಯಿರಿ. ಕೈಬರಹವಾದರೆ ಸಾಲಿನ ಅಡಿಯಲ್ಲಿ ಮಸಿ ಇಲ್ಲದ, ಬರೀ ಒತ್ತಿದ ಗೆರೆ ಕಾಣಬಹುದು. ಅದು ಮಿಸ್ತರಿನ ಗುರುತು. ಮಿಸ್ತರ್ ಅಂದರೆ ಸಾಲು ಸಾಲಾಗಿ ದಾರ ಬಿಗಿದ ರಟ್ಟು, ಅದರ ಮೇಲೆ ಹಾಳೆ ಇಟ್ಟು ಬೆರಳಿನಿಂದ ಒತ್ತಿದರೆ ಗೆರೆ ಮೂಡುತ್ತದೆ, ಆ ಗೆರೆ ಹಿಡಿದು ಬರೆಯುತ್ತಿದ್ದರು. ಆಮೇಲೆ ಒಂದು ಭೂತಗನ್ನಡಿ ತಗೊಂಡು ಒಂದೇ ಅಕ್ಷರದ ಮೇಲೆ ಹಿಡಿಯಿರಿ. ಲೆಕ್ಕಣಿಕೆ ಎಳೆದ ಅಕ್ಷರದಲ್ಲಿ ಮಸಿ ಒಂದು ತುದಿಯಲ್ಲಿ ತೆಳು, ನಿಂತ ಕಡೆ ದಟ್ಟ. ಪೆನ್ನನ್ನು ಮತ್ತೆ ಅದ್ದಿದ ಜಾಗವೂ ಗೊತ್ತಾಗುತ್ತದೆ. ಕಲ್ಲಚ್ಚಿನಲ್ಲಿ ಕಪ್ಪು ಎಲ್ಲಾ ಕಡೆ ಸಪಾಟು. ಪುಸ್ತಕದ ಮೊದಲ ಅಥವಾ ಕೊನೆಯ ಪುಟದಲ್ಲಿ ‘ಮತ್ಬಾ’ ಅನ್ನುವ ಪದ ಇದ್ದರೆ ಕಥೆ ಮುಗಿಯಿತು, ಅದು ಪ್ರೆಸ್ಸಿನ ಹೆಸರು. ಪುಟದ ಕೆಳಗೆ ಮುಂದಿನ ಪುಟದ ಮೊದಲ ಪದ ಬರೆದಿರುವುದನ್ನು ನೋಡಿ ಕೈಬರಹ ಅಂತ ತೀರ್ಮಾನ ಮಾಡಬೇಡಿ, ಎರಡರಲ್ಲೂ ಅದು ಇರುತ್ತದೆ.

ಕೈಬರಹವೇ ಆಗಿದ್ದರೆ ಕೊನೆಯ ಪುಟ ಓದಿಸಿ. ಬರೆದವನ ಹೆಸರು, ಮುಗಿಸಿದ ಹಿಜರಿ ವರ್ಷ ಅಲ್ಲಿ ಇರಬಹುದು. ಹಿಜರಿ ವರ್ಷವನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಕ್ರಿಸ್ತ ಶಕ ಹತ್ತಿರ ಹತ್ತಿರ ಸಿಗುತ್ತದೆ. 1250 ಅಂತ ಇದ್ದರೆ 1834 ಅಥವಾ 35. ಚಾಂದ್ರಮಾನದ ವರ್ಷ ಚಿಕ್ಕದಾದ್ದರಿಂದ ಈ ಗುಣಾಕಾರ.

ರಾಷ್ಟ್ರೀಯ ಹಸ್ತಪ್ರತಿ ಮಿಷನ್ 2003ರಲ್ಲಿ ಶುರುವಾಯಿತು. ಅದರ ಪ್ರಕಾರ ಕನಿಷ್ಠ 75 ವರ್ಷ ಹಳೆಯ ಕೈಬರಹ ಮಾತ್ರ ಹಸ್ತಪ್ರತಿ, ಕಲ್ಲಚ್ಚು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಂತ ನಿಮ್ಮದು ಕಲ್ಲಚ್ಚು ಅಂತ ಗೊತ್ತಾದರೆ ಬೇಜಾರು ಮಾಡಿಕೊಳ್ಳಬೇಡಿ. ಒಬ್ಬ ಕಾತಿಬ ಕೂತು ಅಕ್ಷರ ಅಕ್ಷರ ಬರೆದದ್ದೇ ಅದೂ. ನಿಮ್ಮ ಅಜ್ಜ ದಿನಾ ತೆರೆದು ಓದಿದ ಪುಸ್ತಕ, ಅದಕ್ಕೆ ಬೆಲೆ ಕಮ್ಮಿಯಾಗುವುದು ಹೇಗೆ?

ಪ್ರಶ್ನೆ: ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗಲ್ಲ. ಹಳೆ ಅರಬ್ಬಿ ಪುಸ್ತಕಕ್ಕೆ ಬೂಷ್ಟು ಹಿಡಿದಿದೆ, ಹಾಳೆಯ ಅಂಚು ಗೆರೆ ಹಾಕಿ ಕತ್ತರಿಸಿದ ಹಾಗೆ ಬಿಟ್ಟುಕೊಂಡು ಬರುತ್ತಿದೆ. ಲ್ಯಾಮಿನೇಷನ್ ಮಾಡಿಸಲಾ? (ಹೊಸನಗರ)

ಉತ್ತರ: ದಯವಿಟ್ಟು ಬೇಡ. ಲ್ಯಾಮಿನೇಷನ್ ಬೇಡ, ಸೆಲ್ಲೋ ಟೇಪ್ ಬೇಡ, ಫೆವಿಕಾಲ್ ಬೇಡ. ಒಮ್ಮೆ ಬಿಸಿ ಪ್ಲಾಸ್ಟಿಕ್ ಅಂಟಿದರೆ ಅದನ್ನು ಬಿಡಿಸುವಾಗ ಅಕ್ಷರವೂ ಜೊತೆಗೆ ಬರುತ್ತದೆ.

ಅಂಚು ಕತ್ತರಿಸಿದಂತೆ ಬಿಡುತ್ತಿದೆ ಅಂದಿರಲ್ಲ, ಅಲ್ಲಿ ಹಸಿರು ಗೆರೆ ಇತ್ತಾ ನೋಡಿ. ಪುಟದ ಬರಹದ ಸುತ್ತ ಬಣ್ಣದ ಗೆರೆಯ ಚೌಕಟ್ಟು ಹಾಕುವುದು ರೂಢಿ. ಅದರ ಹಸಿರು ಬಹಳ ಸಲ ತಾಮ್ರದ ಕಿಲುಬಿನಿಂದ ಮಾಡಿದ್ದು. ಥಂಡಿ ತಾಗಿದಂತೆಲ್ಲ ಆ ತಾಮ್ರ ಕಾಗದವನ್ನು ತಿನ್ನುತ್ತದೆ, ಮೊದಲು ಕಂದು ಬಣ್ಣಕ್ಕೆ ತಿರುಗಿ, ಆಮೇಲೆ ಬಿರುಕು ಬಿಟ್ಟು, ಕೊನೆಗೆ ನಡುವಿನ ಬರಹ ಪೂರ್ತಿ ಕಿಟಕಿಯಂತೆ ಕಳಚಿ ಬೀಳುತ್ತದೆ. ಭಾರತದ ಹಸ್ತಪ್ರತಿಗಳಲ್ಲಿ ಈ ಕಾಯಿಲೆ ತುಂಬಾ ಸಾಮಾನ್ಯ. ಮನೆಯಲ್ಲಿ ಇದಕ್ಕೆ ಮದ್ದಿಲ್ಲ, ಕಾಗದ ಸಂರಕ್ಷಣೆ ಕಲಿತವರೇ ಮಾಡಬೇಕು. ನೀವು ಮಾಡಬೇಕಾದದ್ದು ಇಷ್ಟೇ: ಪುಟ ತಿರುವುವಾಗ ಹಾಳೆಯ ಅಡಿಗೆ ಒಂದು ಗಟ್ಟಿ ಕಾಗದ ಕೊಟ್ಟು ಅದರ ಸಮೇತ ತಿರುವಿ, ಕಳಚಿದ ಚೂರನ್ನು ಎಸೆಯದೆ ಲಕೋಟೆಯಲ್ಲಿ ಹಾಕಿ ಯಾವ ಪುಟದ್ದು ಅಂತ ಪೆನ್ಸಿಲಿನಲ್ಲಿ ಲಕೋಟೆಯ ಮೇಲೆ ಬರೆದಿಡಿ.

ಬೂಷ್ಟಿಗೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಈ ಪುಸ್ತಕಗಳ ಕಪ್ಪು ಮಸಿ ದೀಪದ ಕಾಡಿಗೆ ಮತ್ತು ಗೋಂದಿನದು, ನೀರು ತಾಗಿದರೆ ಕರಗಿ ಹರಡುತ್ತದೆ. ಬಿಸಿಲಿಗೂ ಇಡಬೇಡಿ. ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡು, ನೆರಳಿನಲ್ಲಿ ಫ್ಯಾನಿನ ಗಾಳಿಗೆ ಪುಸ್ತಕವನ್ನು ಅರ್ಧ ತೆರೆದಿಟ್ಟು ಒಣಗಿಸಿ, ಆಮೇಲೆ ಮೆತ್ತನೆ ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಒಮ್ಮುಖವಾಗಿ ಸವರಿ. ಬೇರೆ ಪುಸ್ತಕಗಳಿಂದ ದೂರ ಇಡಿ. ಒಣಗಿದ ಮೇಲೆ ಕೋರಾ ಬಟ್ಟೆಯಲ್ಲಿ ಸುತ್ತಿ, ಆದರೆ ಆ ಬಟ್ಟೆಯನ್ನು ಮೊದಲು ಚೆನ್ನಾಗಿ ಒಗೆದು ಗಂಜಿ ಪೂರ್ತಿ ಹೋಗುವಂತೆ ಮಾಡಿ. ಗಂಜಿಯ ವಾಸನೆಗೇ ಹುಳ ಬರುವುದು. ಬೇವಿನ ಸೊಪ್ಪು, ಬಜೆ ಬೇರು ಇಡುವ ಹಳೆ ಪದ್ಧತಿ ಒಳ್ಳೆಯದೇ, ಆದರೆ ಅವನ್ನು ಪುಟದ ನಡುವೆ ಅಲ್ಲ, ಬಟ್ಟೆಯ ಹೊರಗೆ ಪೊಟ್ಟಣ ಕಟ್ಟಿ ಇಡಿ, ಇಲ್ಲದಿದ್ದರೆ ಕಲೆ ಆಗುತ್ತದೆ. ಒಲೆಯ ಮೇಲಿನ ಅಟ್ಟ ಬೇಡ. ಹೊಗೆಗೆ ಹುಳ ಬರಲ್ಲ ಅನ್ನೋದು ಸರಿ, ಆದರೆ ಕಾಗದ ಹಪ್ಪಳದಂತೆ ಒಣಗಿ ಮುರಿಯುತ್ತದೆ. ಗೋಡೆಗೆ ತಾಗದ, ನೆಲದಿಂದ ಎತ್ತರದ ಮರದ ಬೀರು ಸಾಕು. ಓದುವಾಗ ರೆಹಲ್, ಅಂದರೆ ಪುಸ್ತಕ ಇಡುವ ಮಡಚುವ ಮರದ ಪೀಠ, ಬಳಸಿ. ಅದರ ಮೇಲೆ ಪುಸ್ತಕ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುವುದಿಲ್ಲ, ಬೆನ್ನಿನ ಹೊಲಿಗೆ ಉಳಿಯುತ್ತದೆ. ದೊಡ್ಡ ಗ್ರಂಥಾಲಯಗಳಲ್ಲೂ ಹಳೆ ಪುಸ್ತಕಕ್ಕೆ ಅಂಥದ್ದೇ ಆಸರೆ ಕೊಡುತ್ತಾರೆ.

ಹುಳದ ಮಾತು ಬಂತು ಅಂತ ಒಂದು ವಿಷಯ. ಹಳೆ ಅರಬ್ಬಿ, ಪರ್ಷಿಯನ್ ಹಸ್ತಪ್ರತಿಗಳ ಮೊದಲ ಹಾಳೆಯಲ್ಲಿ ಕೆಲವೊಮ್ಮೆ ‘ಯಾ ಕಬೀಕಜ್’ ಅಂತ ಬರೆದಿರುತ್ತದೆ. ಕಬೀಕಜ್ ಅನ್ನುವುದು ಹುಳಗಳ ಒಡೆಯ, ಅವನ ಹೆಸರು ಕಂಡರೆ ಹುಳ ಈ ಪುಸ್ತಕ ಮುಟ್ಟುವುದಿಲ್ಲ ಎಂಬ ನಂಬಿಕೆ. ನಿಮ್ಮ ಪುಸ್ತಕದಲ್ಲೂ ಇದೆಯಾ ನೋಡಿ, ಇದ್ದರೆ ನಮಗೆ ತಿಳಿಸಿ.

ಪ್ರಶ್ನೆ: ತೀರಾ ಜೀರ್ಣವಾದ ಕುರಾನಿನ ಬಿಡಿ ಹಾಳೆಗಳನ್ನು ಮಸೀದಿಗೆ ಕೊಡುತ್ತೇವೆ. ಅದರಲ್ಲಿ ಹಳೆಯದೇನಾದರೂ ಇದ್ದರೆ? (ಭದ್ರಾವತಿ)

ಉತ್ತರ: ಕೊಡುವ ಮುಂಚೆ ಮೇಲೆ ಹೇಳಿದಂತೆ ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಫೋಟೊ ತೆಗೆದಿಡಿ. ಗೌರವದಿಂದ ಹೀಗೆ ಎತ್ತಿಟ್ಟ ಹಾಳೆಗಳಿಂದಲೇ ದೊಡ್ಡ ಪತ್ತೆಗಳಾಗಿವೆ. 1972ರಲ್ಲಿ ಯೆಮನ್ನಿನ ಸನಾ ನಗರದ ದೊಡ್ಡ ಮಸೀದಿಯ ರಿಪೇರಿ ಮಾಡುವಾಗ ಸೂರಿನ ಒಳಗೆ ಹಳೆ ಹಾಳೆಗಳ ರಾಶಿ ಸಿಕ್ಕಿತು, ಅದರಲ್ಲಿ ಜಗತ್ತಿನ ಅತಿ ಹಳೆಯ ಕುರಾನ್ ಹಾಳೆಗಳೂ ಇದ್ದವು.

ಪ್ರಶ್ನೆ: ಅಜ್ಜಿಯ ಪೆಟ್ಟಿಗೆಯಲ್ಲಿ ಚಿಕ್ಕ ಚಿನ್ನದ ನಾಣ್ಯ ಸಿಕ್ಕಿದೆ. ಒಂದು ಕಡೆ ಶಿವ ಪಾರ್ವತಿ ಕೂತಿದ್ದಾರೆ, ಇನ್ನೊಂದು ಕಡೆ ಉರ್ದು ಥರದ ಒಂದೇ ಅಕ್ಷರ. ಇದೇನು ವಿಚಿತ್ರ? (ನಗರ)

ಉತ್ತರ: ವಿಚಿತ್ರ ಏನಿಲ್ಲ, ಅದು ನಿಮ್ಮ ಊರಿನದೇ ಇತಿಹಾಸ. ಕೆಳದಿ ಅರಸರು ಹೊರಡಿಸುತ್ತಿದ್ದ ಇಕ್ಕೇರಿ ವರಹದ ಒಂದು ಮುಖದಲ್ಲಿ ಶಿವ ಪಾರ್ವತಿ, ಇನ್ನೊಂದರಲ್ಲಿ ನಾಗರಿಯಲ್ಲಿ ‘ಶ್ರೀ ಸದಾಶಿವ’ ಅಂತ ಇರುತ್ತಿತ್ತು. 1763ರಲ್ಲಿ ಹೈದರಾಲಿ ಬಿದನೂರು, ಅಂದರೆ ಈಗಿನ ನಗರ, ಗೆದ್ದು ಅದಕ್ಕೆ ಹೈದರ್‌ನಗರ ಅಂತ ಹೆಸರಿಟ್ಟ. ವರಹವನ್ನು ಜನ ನಂಬುತ್ತಿದ್ದರು, ಹಾಗಾಗಿ ಶಿವ ಪಾರ್ವತಿಯನ್ನು ಹಾಗೇ ಉಳಿಸಿಕೊಂಡು, ಹಿಂದಿನ ಮುಖದಲ್ಲಿ ಮಾತ್ರ ತನ್ನ ಹೆಸರಿನ ಮೊದಲಕ್ಷರ ‘ಹೇ’ ಹಾಕಿಸಿದ. ಸಣ್ಣ ಸಣ್ಣ ಕಾಳುಗಳ ಹಿನ್ನೆಲೆಯಲ್ಲಿ ಆ ಒಂದೇ ಅಕ್ಷರ, ಮೇಲೆ ಚಿಕ್ಕ ತಲೆ, ಕೆಳಗೆ ದೊಡ್ಡ ಬಾಗು. ನೀವು ಬರೆದ ವಿವರ ಅದಕ್ಕೇ ಹೊಂದುತ್ತದೆ. ನಾಣ್ಯ ಅಚ್ಚು ಕೊರೆದವನ ಕೈ ನೋಡಿ: ಕಿರುಬೆರಳ ಉಗುರಿನಷ್ಟು ಜಾಗದಲ್ಲಿ ಒಂದು ಅಕ್ಷರ ನಿಲ್ಲಿಸುವುದು ಸುಮ್ನೆ ಮಾತಲ್ಲ. ಮಗ ಟಿಪ್ಪು ಕೂಡ ತನ್ನ ನಾಣ್ಯಗಳಲ್ಲಿ ಅಪ್ಪನ ಆ ಅಕ್ಷರವನ್ನು ಉಳಿಸಿಕೊಂಡ. 1787ರಿಂದ ಅವನು ಮೌಲೂದಿ ಅನ್ನುವ ಹೊಸ ಶಕೆ ತಂದು, ನಾಣ್ಯದ ಮೇಲಿನ ವರ್ಷದ ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ, ಹಾಗಾಗಿ ಅವನ ಇಸವಿ ಓದುವಾಗ ಜೋಪಾನ.

ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಇದ್ದ ಹಾಗೇ ಇರಲಿ.

ಪ್ರಶ್ನೆ: ಇಸ್ಲಾಮಿನಲ್ಲಿ ಚಿತ್ರ ಬಿಡಿಸಬಾರದು ಅಂತಾರೆ. ಹಾಗಾದರೆ ಪರ್ಷಿಯನ್ ಪುಸ್ತಕಗಳಲ್ಲಿ ಕುದುರೆ, ರಾಜ, ರಾಣಿ ಎಲ್ಲಾ ಇರುತ್ತಾರಲ್ಲ? (ಕೊಪ್ಪ)

ಉತ್ತರ: ಕುರಾನಿನಲ್ಲಿ ಮನುಷ್ಯ, ಪ್ರಾಣಿಗಳ ಚಿತ್ರ ಇರುವುದಿಲ್ಲ. ಅಲ್ಲಿ ಅಲಂಕಾರ ಅಂದರೆ ಬಳ್ಳಿ, ಹೂವು, ಗೆರೆಗಳ ಜಾಲ, ಚಿನ್ನ. ಕಾವ್ಯ, ಇತಿಹಾಸ, ವೈದ್ಯ, ಜ್ಯೋತಿಷ್ಯದ ಪುಸ್ತಕಗಳ ಮಾತು ಬೇರೆ, ರಾಜರು ಆಸ್ಥಾನದಲ್ಲಿ ಚಿತ್ರಗಾರರನ್ನು ಇಟ್ಟುಕೊಂಡೇ ಬರೆಸುತ್ತಿದ್ದರು. ನಮ್ಮ ವಿಜಯಪುರದ್ದೇ ಉದಾಹರಣೆ ಇದೆ. 1570ರ ‘ನುಜೂಮ್ ಅಲ್ ಉಲೂಮ್’ ಅನ್ನುವ ಆದಿಲ್‌ಶಾಹಿ ಹಸ್ತಪ್ರತಿಯಲ್ಲಿ ಗ್ರಹ, ರಾಶಿ, ಯೋಗಿನಿಯರ ಚಿತ್ರಗಳಿವೆ, ಅದೂ ಚೆಸ್ಟರ್ ಬೀಟಿಯಲ್ಲೇ ಇದೆ. ಎರಡನೇ ಇಬ್ರಾಹಿಂ ಆದಿಲ್‌ಶಾ ಸಂಗೀತದ ಮೇಲೆ ಬರೆದ ‘ಕಿತಾಬ್ ಎ ನೌರಸ್’ ಸರಸ್ವತಿಯನ್ನೂ ಗಣಪತಿಯನ್ನೂ ನೆನೆಯುತ್ತದೆ. ಅದನ್ನು 1618ರಲ್ಲಿ ಚಂದದ ಅಕ್ಷರದಲ್ಲಿ ಬರೆದುಕೊಟ್ಟ ಖಲೀಲುಲ್ಲಾನಿಗೆ ಸುಲ್ತಾನ ‘ಪಾದ್‌ಶಾಹ್ ಎ ಕಲಮ್’ ಅಂತ ಬಿರುದು ಕೊಟ್ಟ. ಪೆನ್ನು ಹಿಡಿದವನನ್ನು ಬಾದಶಹ ಅಂತ ಕರೆದ ರಾಜ ನಮ್ಮ ನಾಡಿನವನು ಅನ್ನುವುದು ನನಗೆ ಹೆಮ್ಮೆ.

ಪ್ರಶ್ನೆ: ಪುಟದ ಮೇಲಿನ ಚಿನ್ನ ನಿಜವಾದ ಚಿನ್ನವಾ? (ಶಿಕಾರಿಪುರ)

ಉತ್ತರ: ಒಳ್ಳೆ ಪ್ರತಿಗಳಲ್ಲಿ ಹೌದು. ಚಿನ್ನದ ತೆಳು ರೇಕನ್ನು ಗೋಂದು ಅಥವಾ ಜೇನಿನ ಜೊತೆ ಬೆರಳಿನಿಂದ ತುಂಬಾ ಹೊತ್ತು ಅರೆದು, ನೀರಿನಲ್ಲಿ ತೊಳೆದು, ತಳದಲ್ಲಿ ಉಳಿದ ಪುಡಿಯನ್ನು ಅಂಟಿನಲ್ಲಿ ಕಲಸಿ ಬ್ರಷ್ಷಿನಿಂದ ಹಚ್ಚುತ್ತಾರೆ. ಹಚ್ಚಿದಾಗ ಅದು ಮಂಕು. ನುಣುಪಾದ ಅಗೇಟ್ ಕಲ್ಲಿನಿಂದ ಉಜ್ಜಿದ ಮೇಲೇ ಹೊಳಪು ಬರುವುದು. ನೀಲಿಗೆ ಆಫ್ಘಾನಿಸ್ತಾನದ ಬದಖ್‌ಶಾನಿನ ಲಾಜವರ್ದ ಕಲ್ಲನ್ನು ಅರೆಯುತ್ತಿದ್ದರು. ಬರೆಯುವವನು ಒಬ್ಬ, ಚಿನ್ನದ ಕೆಲಸದವನು ಇನ್ನೊಬ್ಬ, ರಟ್ಟು ಕಟ್ಟುವವನು ಮತ್ತೊಬ್ಬ ಇರುವುದೇ ಜಾಸ್ತಿ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿನಿ, ಹಿಂದೂ. ನನಗೆ ಈ ಬರಹ ಕಲಿಯೋ ಆಸೆ. ಕಲಿಯಬಹುದಾ? ಸಾಮಾನು ಎಲ್ಲಿ ಸಿಗುತ್ತೆ? (ಶಿವಮೊಗ್ಗ)

ಉತ್ತರ: ಖಂಡಿತ ಕಲಿಯಬಹುದು ಮಗಳೇ. ಅರಬ್ ದೇಶಗಳ ಕ್ರೈಸ್ತರೂ ಇದೇ ಲಿಪಿಯಲ್ಲಿ ಬರೆಯುತ್ತಾರೆ. ನಮ್ಮಲ್ಲೂ ಶಾಜಹಾನನ ಆಸ್ಥಾನದ ಮುನ್ಷಿ ಚಂದರ್ ಭಾನ್ ಬ್ರಾಹ್ಮಣ್ ಪರ್ಷಿಯನ್ನಿನಲ್ಲಿ ಗದ್ಯ, ಪದ್ಯ ಬರೆದು ಹೆಸರಾದವರು. ನಿನಗೆ ಪರಿಚಯದ ಮುಸ್ಲಿಂ ಮನೆಯವರಿದ್ದರೆ ಅವರ ಹತ್ತಿರ 28 ಅಕ್ಷರ ಗುರುತಿಸೋದು ಕಲಿತುಕೋ. ಕುರಾನಿನ ವಾಕ್ಯ ಬರೆಯುವ ಹಂತ ಬಂದಾಗ, ಆ ಹಾಳೆಯನ್ನು ಹೇಗೆ ಇಡಬೇಕು ಅಂತಲೂ ಅವರನ್ನೇ ಕೇಳು, ಪ್ರೀತಿಯಿಂದ ಹೇಳಿಕೊಡುತ್ತಾರೆ.

ಸಾಮಾನಿಗೆ ಪೇಟೆಗೆ ಹೋಗಬೇಕಾಗಿಲ್ಲ. ಮಲೆನಾಡಿನ ಹಳ್ಳದ ದಂಡೆಯಲ್ಲಿ ಬೆಳೆಯುವ ವಾಟೆ, ಇಲ್ಲಾ ಕಿರುಬೆರಳ ದಪ್ಪದ ಬಿದಿರು ತಗೋ, ಚೆನ್ನಾಗಿ ಒಣಗಿರಬೇಕು. ಒಂದು ತುದಿಯನ್ನು ಉದ್ದಕ್ಕೆ ಇಳಿಜಾರಾಗಿ ಸೀಳು, ಒಳಗಿನ ಮೆತ್ತನೆಯದನ್ನು ಕೆರೆದು ತೆಗೆ, ಮೂತಿಯ ಎರಡೂ ಬದಿ ಸವರಿ ಬೇಕಾದ ಅಗಲಕ್ಕೆ ತಾ, ನಡುವೆ ಕೂದಲೆಳೆಯಷ್ಟು ಸೀಳು ಬಿಡು, ಕೊನೆಗೆ ಗಟ್ಟಿ ಹಲಗೆಯ ಮೇಲಿಟ್ಟು ಒಂದೇ ಏಟಿಗೆ ಮೂತಿಯನ್ನು ಓರೆಯಾಗಿ ಕತ್ತರಿಸು. ಎರಡನೇ ಏಟು ಹಾಕಿದರೆ ಅಂಚು ಹರಿದುಹೋಗುತ್ತದೆ. ಈ ಕೊನೆಯ ಏಟಿಗಾಗಿಯೇ ಹಳೆ ಕಾತಿಬರು ದಂತ ಅಥವಾ ಮೂಳೆಯ ಪುಟ್ಟ ಪಟ್ಟಿ ಇಟ್ಟುಕೊಳ್ಳುತ್ತಿದ್ದರು. ಆ ಓರೆಯಿಂದಲೇ ಅಕ್ಷರಕ್ಕೆ ದಪ್ಪ, ತೆಳು ಬರುವುದು. ಸಾಗರದ ಹತ್ತಿರ ಕೆಳದಿಯ ಮ್ಯೂಸಿಯಮ್ಮಿಗೆ ಹೋಗಿ ತಾಳೆಗರಿಗಳನ್ನು ಒಮ್ಮೆ ನೋಡಿ ಬಾ. ಕಂಟದಲ್ಲಿ, ಅಂದರೆ ಕಬ್ಬಿಣದ ಮೊನೆಯಲ್ಲಿ, ಕೊರೆದ ಆ ಅಕ್ಷರದ ಗೆರೆ ಎಲ್ಲಾ ಕಡೆ ಒಂದೇ ದಪ್ಪ. ಬರೆಯುವ ಸಲಕರಣೆ ಬದಲಾದರೆ ಅಕ್ಷರದ ಮೈಕಟ್ಟೇ ಬದಲಾಗುತ್ತದೆ ಅನ್ನೋದು ಅಲ್ಲಿ ಕಣ್ಣಿಗೇ ಕಾಣುತ್ತೆ.

ಮಸಿಗೆ, ಮನೆಯಲ್ಲಿ ಕಣ್ಣಿನ ಕಾಡಿಗೆ ಹಿಡಿಯುವ ಹಾಗೇ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಮಸಿ ಹಿಡಿ. ಗೋಂದಿನ ನೀರು ಹಾಕಿ ಚೆನ್ನಾಗಿ ಅರೆ, ಎಷ್ಟು ಅರೆದರೆ ಅಷ್ಟು ಒಳ್ಳೆಯದು. ಇಸ್ತಾಂಬುಲಿನಲ್ಲಿ 1557ರಲ್ಲಿ ಮುಗಿದ ಸುಲೇಮಾನಿಯೆ ಮಸೀದಿಯಲ್ಲಿ ಶಿಲ್ಪಿ ಸಿನಾನ್ ಒಂದು ಉಪಾಯ ಮಾಡಿದ್ದ, ನೂರಾರು ಎಣ್ಣೆ ದೀಪಗಳ ಹೊಗೆಯೆಲ್ಲ ಗಾಳಿಯ ಸೆಳೆತಕ್ಕೆ ಬಾಗಿಲ ಮೇಲಿನ ಒಂದು ಕೋಣೆಗೆ ಹೋಗಿ ಸೇರುತ್ತಿತ್ತು, ಅಲ್ಲಿ ಕಟ್ಟಿದ ಮಸಿಯನ್ನು ಬರವಣಿಗೆಗೆ ತಗೊಳ್ಳುತ್ತಿದ್ದರು. ಮಸಿಕುಡಿಕೆಯೊಳಗೆ ಸ್ವಲ್ಪ ರೇಷ್ಮೆ ಎಳೆ ಹಾಕು. ಪೆನ್ನು ಅದಕ್ಕೆ ಒತ್ತಿದಾಗ ಬೇಕಾದಷ್ಟೇ ಮಸಿ ಹಿಡಿಯುತ್ತದೆ, ತೊಟ್ಟಿಕ್ಕುವುದಿಲ್ಲ.

ಕಾಗದ ಹೀರುವಂಥದ್ದಾಗಿದ್ದರೆ ಅಕ್ಷರದ ಅಂಚು ಒಡೆಯುತ್ತದೆ. ಮೊಟ್ಟೆಯ ಬಿಳಿ ಭಾಗಕ್ಕೆ ಪಟಿಕ ಸೇರಿಸಿ ಹಾಳೆಗೆ ಹಚ್ಚಿ, ಒಣಗಿಸಿ, ನುಣುಪು ಕಲ್ಲಿನಿಂದ ಉಜ್ಜುವುದು ಹಳೆ ಪದ್ಧತಿ. ಮೊಟ್ಟೆ ತರದ ಮನೆಯಾದರೆ ಗಂಜಿ ಹಚ್ಚು, ಅದನ್ನೂ ಬಳಸುತ್ತಿದ್ದರು. ಇಂಥ ಹಾಳೆಯಲ್ಲಿ ಮಸಿ ಮೇಲೇ ಕೂರುತ್ತದೆ, ತಪ್ಪಾದರೆ ಒದ್ದೆ ಹತ್ತಿಯಿಂದ ಒರೆಸಿ ಮತ್ತೆ ಬರೆಯಬಹುದು.

ಇನ್ನು ಅಭ್ಯಾಸ. ವಾಕ್ಯಕ್ಕೆ ಆತುರ ಪಡಬೇಡ. ತುರ್ಕಿಯ ಗುರುಗಳು ಶಿಷ್ಯರಿಗೆ ಮೊದಲು ಬರೆಸುವುದು ಒಂದು ಪ್ರಾರ್ಥನೆ, ‘ದೇವರೇ, ಸುಲಭ ಮಾಡು, ಕಷ್ಟ ಮಾಡಬೇಡ, ಚೆನ್ನಾಗಿ ಮುಗಿಸಿಕೊಡು’ ಅಂತ. ಅದಾದ ಮೇಲೆ ಬಿಡಿ ಅಕ್ಷರ, ಆಮೇಲೆ ಎರಡೆರಡು ಕೂಡಿಸಿದ ಅಕ್ಷರ. ಗುರು ಕೆಂಪು ಮಸಿಯಲ್ಲಿ ಚುಕ್ಕಿ ಇಟ್ಟು ಎಲ್ಲಿ ಜಾಸ್ತಿಯಾಯಿತು, ಎಲ್ಲಿ ಕಮ್ಮಿಯಾಯಿತು ಅಂತ ತಿದ್ದುತ್ತಾರೆ. ಹೀಗೆ ವರ್ಷಗಟ್ಟಲೆ ಕಲಿತ ಮೇಲೆ ಇಜಾಜತ್ ಸಿಗುತ್ತದೆ, ಅಂದರೆ ಬರಹದ ಕೆಳಗೆ ತನ್ನ ಹೆಸರು ಹಾಕಿಕೊಳ್ಳುವ ಅಪ್ಪಣೆ. ನೀನು ಮೊದಲು ಒಂದು ತಿಂಗಳು ಚುಕ್ಕಿ ಮತ್ತು ಅಲಿಫ್ ಎರಡನ್ನೇ ಬರಿ. ಬರೆದ ಹಾಳೆಗಳನ್ನು ತಾರೀಖು ಹಾಕಿ ನಮಗೆ ಕಳಿಸು, ನೋಡಿ ಹೇಳುತ್ತೇವೆ.

ಪ್ರಶ್ನೆ: ಇದನ್ನೆಲ್ಲ ನೋಡೋಕೆ ವಿದೇಶಕ್ಕೇ ಹೋಗಬೇಕಾ? (ರಿಪ್ಪನ್‌ಪೇಟೆ)

ಉತ್ತರ: ಇಲ್ಲಿ ಹೇಳಿದ ಗ್ರಂಥಗಳು ಬಹಳಷ್ಟು ಹೊರಗೇ ಇವೆ. ಟಿಪ್ಪುವಿನ ಗ್ರಂಥಾಲಯದಲ್ಲಿ ಸುಮಾರು 2000 ಸಂಪುಟ ಇದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಕಲ್ಕತ್ತೆಗೂ ಇಂಗ್ಲೆಂಡಿಗೂ ಹೋದವು, 1809ರಲ್ಲಿ ಚಾರ್ಲ್ಸ್ ಸ್ಟೂವರ್ಟ್ ಅದರ ಪಟ್ಟಿ ಅಚ್ಚು ಹಾಕಿಸಿದ. ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ಕಲ್ಲಿನ ಮೇಲೆ ಬರೆದದ್ದನ್ನು ಯಾರೂ ಹೊತ್ತುಕೊಂಡು ಹೋಗಿಲ್ಲ. ವಿಜಯಪುರದ ಇಬ್ರಾಹಿಂ ರೋಜಾದಲ್ಲಿ ಕಿಟಕಿಯ ಜಾಲಂಧ್ರವೇ ಅಕ್ಷರ, ಕಲ್ಲನ್ನು ಕೊರೆದು ಬೆಳಕು ಅಕ್ಷರದ ಸಂದಿಯಿಂದ ಒಳಗೆ ಬರುವಂತೆ ಮಾಡಿದ್ದಾರೆ. ಬೀದರಿನಲ್ಲಿ 1472ರ ಮಹಮೂದ್ ಗವಾನ್ ಮದರಸಾದ ಮುಂಭಾಗದಲ್ಲಿ ಬಣ್ಣದ ಹೆಂಚಿನ ಮೇಲಿನ ಬರಹ ಸ್ವಲ್ಪ ಉಳಿದಿದೆ. ಬೀದರಿನ ಹತ್ತಿರವೇ ಇರುವ ಅಷ್ಟೂರಿನ ಅಹ್ಮದ್ ಶಾ ವಲಿ ಗೋರಿಯ ಒಳಗೆ ಗುಮ್ಮಟದವರೆಗೂ ಬಣ್ಣ, ಚಿನ್ನದ ಅಕ್ಷರ ಇದೆ, ಒಳ್ಳೆ ಟಾರ್ಚ್ ತಗೊಂಡು ಹೋಗಿ. ಎರಡೂ ಊರು ಸೇರಿಸಿ ನಾಲ್ಕು ದಿನ ಇಟ್ಟುಕೊಳ್ಳಿ. ಬೀದರಿಗೆ ಚಳಿಗಾಲದಲ್ಲೇ ಹೋಗಿ, ಬೇಸಗೆಯ ಬಿಸಿಲು ನಮ್ಮ ಕಡೆಯವರಿಗೆ ತಡೆಯೋದಲ್ಲ.